ಹಳೇ ಗೋಡೆಗೆ ಪ್ರೈಮರ್ ಬೇಕಾ ಬೇಡವಾ? ಪೇಂಟರ್ ಒಂದು ಹೇಳುತ್ತಾರೆ, ಅಂಗಡಿಯವರು ಇನ್ನೊಂದು

ಬೋಗಾದಿ ರಿಂಗ್ ರೋಡ್

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿಯಲ್ಲಿ ನಮ್ಮದು 30-40 ಸೈಟಿನ ಮನೆ. ಮಾಘದಲ್ಲಿ ಮಗನ ಮದುವೆ. ಅಷ್ಟರೊಳಗೆ ಪೇಂಟಿಂಗ್ ಮುಗಿಯಬೇಕು. ಪೇಂಟರ್ ಬಂದು ನೋಡಿ, "ಹಳೇ ಗೋಡೆ ಅಲ್ವಾ ಮೇಡಂ, ಪ್ರೈಮರ್ ಎಲ್ಲಾ ಬೇಡ, ಡೈರೆಕ್ಟಾಗಿ ಎರಡು ಕೋಟ್ ಹೊಡೆದುಬಿಡ್ತೀವಿ" ಅಂದರು. (ಪ್ರೈಮರ್ ಅಂದರೆ ಬಣ್ಣಕ್ಕೆ ಮುಂಚೆ ಹೊಡೆಯುವ ತಳದ ಕೋಟ್.) ಬಣ್ಣದ ಅಂಗಡಿಯಲ್ಲಿ ಕೇಳಿದರೆ, "ಪ್ರೈಮರ್ ಇಲ್ಲದೆ ಹೊಡೆಸಿದರೆ ದುಡ್ಡು ನೀರಿಗೆ ಹಾಕಿದ ಹಾಗೆ, ಎಲ್ಲಾ ಕಡೆ ಹೊಡೆಸಿ" ಅನ್ನುತ್ತಾರೆ. ಯಾರ ಮಾತು ಕೇಳಬೇಕು ಗೊತ್ತಾಗುತ್ತಿಲ್ಲ.

ಕೆಲಸ ಏನೇನಿದೆ ಅಂತ ಹೇಳಿಬಿಡುತ್ತೇನೆ. ಹಾಲ್ ಮತ್ತು ಎರಡು ರೂಮಿಗೆ ಮೊದಲೇ ಎಮಲ್ಷನ್ (ನೀರು ಆಧಾರದ ಪ್ಲಾಸ್ಟಿಕ್ ಬಣ್ಣ) ಇದೆ, ನೋಡುವುದಕ್ಕೆ ಚೆನ್ನಾಗಿಯೇ ಇದೆ, ಬಣ್ಣ ಮಾತ್ರ ಮಾಸಿದೆ. ದೇವರ ಮನೆಗೆ ಡಿಸ್ಟೆಂಪರ್, ಅಂದರೆ ಸೀಮೆಸುಣ್ಣದ ಪುಡಿ ಬೆರೆತ ಬಣ್ಣ. ಅಡುಗೆಮನೆಯಲ್ಲಿ ಎದೆಮಟ್ಟಕ್ಕೆ ಹಳೇ ಆಯಿಲ್ ಪೇಂಟ್, ಅದರ ಮೇಲೆ ಈಗ ಎಮಲ್ಷನ್ ಬೇಕು. ಮಹಡಿ ಮೇಲೆ ಹೊಸದಾಗಿ ಒಂದು ರೂಮ್ ಕಟ್ಟಿಸಿದ್ದೇವೆ, ದೀಪಾವಳಿ ಆದಮೇಲೆ ಪ್ಲಾಸ್ಟರಿಂಗ್ ಮುಗಿಯಿತು. ಜೊತೆಗೆ ಗೇಟು, ಕಿಟಕಿ ಗ್ರಿಲ್ಲು, ಬಾಲ್ಕನಿಗೆ ಹೊಸ ಜಿಐ ಪೈಪಿನ ರೇಲಿಂಗ್, ಮುಂಬಾಗಿಲು. ಇನ್ನೊಂದು ತಲೆನೋವು ಬಾತ್‌ರೂಮ್ ಪಕ್ಕದ ಗೋಡೆ. ಕೆಳಗಡೆ ಎರಡು ಅಡಿ ಬಣ್ಣ ಎದ್ದು ಎದ್ದು ಉದುರುತ್ತದೆ.

ನಾಲ್ಕಿಂಚು ಬ್ರಷ್

ಮೇಡಂ, ನಾನು ಮಂಡ್ಯದವನು, ಪೇಂಟಿಂಗೇ ನನ್ನ ಕಸುಬು. ನಿಮ್ಮ ಪೇಂಟರ್ ಹಾಲ್ ನೋಡಿ ಹೇಳಿದ್ದಾರೆ, ಅಂಗಡಿಯವರು ಬಿಲ್ ನೋಡಿ ಹೇಳಿದ್ದಾರೆ. ಪ್ರೈಮರ್ ಬೇಕೋ ಬೇಡವೋ ಅನ್ನುವುದನ್ನು ಒಂದೊಂದು ಜಾಗಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಇಡೀ ಮನೆಗೆ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ.

ಹಾಲ್‌ಗೆ ಹೀಗೆ ಮಾಡಿ. ಅಗಲದ ಸೆಲ್ಲೋ ಟೇಪ್ ಒಂದು ಗೇಣು ಕತ್ತರಿಸಿ ಗೋಡೆಗೆ ಅಂಟಿಸಿ, ಬೆರಳಿನಿಂದ ಗಟ್ಟಿಯಾಗಿ ಉಜ್ಜಿ, ಸರ್ರನೆ ಕಿತ್ತುಬಿಡಿ. ಟೇಪ್ ಹಿಂದೆ ಏನೂ ಅಂಟಿಲ್ಲ ಅಂದರೆ ಹಳೇ ಎಮಲ್ಷನ್ ಗಟ್ಟಿ ಇದೆ. ಎಮರಿ ಪೇಪರ್ ಲೈಟಾಗಿ ಹೊಡೆದು, ಧೂಳು ಒರೆಸಿ, ನೇರವಾಗಿ ಎರಡು ಕೋಟ್ ಹೊಡೆಯಬಹುದು. ಅಲ್ಲಿ ಪ್ರೈಮರ್ ಸುಮ್ನೆ ಖರ್ಚು. ಬಿಳಿ ಪುಡಿ ಅಂಟಿಕೊಂಡು ಬಂದರೆ, ಆ ಪುಡಿಯ ಮೇಲೆ ನೀವು ಎಷ್ಟೇ ದುಬಾರಿ ಬಣ್ಣ ಹೊಡೆಸಿದರೂ ಅದು ಹಿಡಿದುಕೊಳ್ಳುವುದು ಪುಡಿಯನ್ನೇ, ಗೋಡೆಯನ್ನಲ್ಲ. ದೇವರ ಮನೆ ಡಿಸ್ಟೆಂಪರ್‌ಗೆ ಬಹುಪಾಲು ಇದೇ ಗತಿ. ಪೂರ್ತಿ ಕೆರೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಆಮೇಲೆ ಪ್ರೈಮರ್.

ಹಾಲ್‌ನಲ್ಲೂ ಒಂದು ವಿನಾಯಿತಿ ಇದೆ. ಮೊಳೆ ಕಿತ್ತ ತೂತು, ಬಿರುಕು, ಸ್ವಿಚ್ ಬೋರ್ಡ್ ಬದಲಾಯಿಸಿದ ಜಾಗಕ್ಕೆ ಪುಟ್ಟಿ ಹಾಕುತ್ತಾರಲ್ಲ, ಆ ತೇಪೆಗಳಿಗೆ ಮಾತ್ರ ಪ್ರೈಮರ್ ತಟ್ಟಿಸಿ. ಇಲ್ಲದಿದ್ದರೆ ಪುಟ್ಟಿ ಬಣ್ಣವನ್ನು ಬೇಗ ಹೀರಿಕೊಂಡು, ಎರಡು ಕೋಟ್ ಆದಮೇಲೂ ಆ ಜಾಗ ಮಂಕಾಗಿ ಕಾಣುತ್ತದೆ. ಸಂಜೆ ಲೈಟ್ ಹಾಕಿದಾಗ ಪಕ್ಕದಿಂದ ನೋಡಿ, ಎಲ್ಲಾ ತೇಪೆಗಳೂ ಲೆಕ್ಕಕ್ಕೆ ಸಿಗುತ್ತವೆ.

ಸುಮ್ನೆ ಖರ್ಚು

ಪ್ರೈಮರ್ ಅನ್ನುವುದೇ ಕಂಪನಿಗಳ ಆಟ. ನಮ್ಮ ಅಜ್ಜಿ ಕಾಲದಲ್ಲಿ ಯಾವ ಪ್ರೈಮರ್ ಇತ್ತು? ವರ್ಷಕ್ಕೊಂದು ಸಲ ಸುಣ್ಣ, ಅಷ್ಟೇ. ಗೋಡೆ ಬೀಳಲಿಲ್ಲವಲ್ಲ.

ಅಗ್ರಹಾರದ ತೊಟ್ಟಿಮನೆ

ಸ್ವಾಮಿ, ನಮ್ಮದು ಅಂಥದೇ ಮನೆ. ಸುಣ್ಣದ ಗಾರೆಯ ಗೋಡೆ, ಮರದ ತೊಲೆಯ ಮೇಲೆ ಇಟ್ಟಿಗೆ ಜೋಡಿಸಿದ ಮದ್ರಾಸ್ ತಾರಸಿ. ನಿಮ್ಮ ಮಾತು ನಿಜ, ಸುಣ್ಣಕ್ಕೆ ಪ್ರೈಮರ್ ಬೇಕಿಲ್ಲ. ಆದರೆ ಯಾಕೆ ಬೇಕಿಲ್ಲ ಅಂತ ಯೋಚನೆ ಮಾಡಿ. ನೀರು ಚಿಮುಕಿಸಿದ ಗಾರೆಯ ಮೇಲೆ ಸುಣ್ಣದ ತಿಳಿ ಬಳಿದರೆ ಅದು ಒಳಗೆ ಇಳಿಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಗೋಡೆಯೂ ಬಣ್ಣವೂ ಒಂದೇ ವಸ್ತು. ಎಮಲ್ಷನ್ ಹಾಗಲ್ಲ, ಮೇಲೆ ಕೂತುಕೊಳ್ಳುವ ಪ್ಲಾಸ್ಟಿಕ್ ಪದರ ಅದು. ಅದಕ್ಕೆ ಹಿಡಿತ ಬೇಕು.

ನಮ್ಮ ಬೀದಿಯಲ್ಲಿ ಇಂಥ ಮನೆಗಳಿಗೆ ಸಿಮೆಂಟ್ ಪ್ರೈಮರ್, ಪುಟ್ಟಿ, ಎಮಲ್ಷನ್ ಅಂತ ಮೂರೂ ಹೊಡೆಸುವ ಹುಚ್ಚು ಹತ್ತಿದೆ. ದಯವಿಟ್ಟು ಬೇಡ. ಗಾರೆ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಾ ಇರುತ್ತದೆ. ಮೇಲೆ ಬಿಗಿಯಾಗಿ ಮುಚ್ಚಿದರೆ ತೇವ ಒಳಗೇ ಉಳಿದು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಪುಡಿಪುಡಿಯಾಗಿ ಬಣ್ಣದ ಜೊತೆಗೇ ಕೈಗೆ ಬರುತ್ತದೆ. ಅಂಥ ಗೋಡೆಗೆ ಈಗಲೂ ಸುಣ್ಣವೇ ಸರಿ. ಹಿಂದಿನ ದಿನವೇ ನೆನೆಸಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು, ಚಿಟಿಕೆ ನೀಲಿ. ತೆಳ್ಳಗೆ ಮೂರು ಸಲ ಬಳಿಯಿರಿ, ದಪ್ಪಗೆ ಒಂದು ಸಲ ಅಲ್ಲ.

ಬೋಗಾದಿ ಮೇಡಂ, ನಿಮ್ಮದು ಸಿಮೆಂಟ್ ಮನೆ, ಇದು ನಿಮಗೆ ಅನ್ವಯಿಸುವುದಿಲ್ಲ. ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಜೆಪಿ ನಗರ ನಿವೃತ್ತ

ಹಾಲ್‌ಗಿಂತ ನನಗೆ ಆ ಮಹಡಿ ರೂಮಿನ ಚಿಂತೆ ಜಾಸ್ತಿ. ಹೊಸ ಸಿಮೆಂಟ್ ಪ್ಲಾಸ್ಟರಿನ ಪಿಎಚ್ 12ರಿಂದ 13ರ ಹತ್ತಿರ ಇರುತ್ತದೆ, ಅಂದರೆ ಜೋರು ಕ್ಷಾರ. ಅದರ ಮೇಲೆ ಎಣ್ಣೆ ಆಧಾರದ ಪ್ರೈಮರ್ ಅಥವಾ ಆಯಿಲ್ ಪೇಂಟ್ ಬಿದ್ದರೆ, ಎಣ್ಣೆಯೂ ಕ್ಷಾರವೂ ಸೇರಿ ಗೋಡೆಯ ಮೇಲೆಯೇ ಸೋಪ್ ತಯಾರಾಗುತ್ತದೆ. ತಮಾಷೆಗೆ ಹೇಳುತ್ತಿಲ್ಲ, ಸೋಪ್ ಮಾಡುವ ರಸಾಯನ ಕ್ರಿಯೆಯೇ ಅದು. ಬಣ್ಣ ಜಿಗುಟಾಗಿ, ಮೆತ್ತಗಾಗಿ, ಆಮೇಲೆ ಸುಲಿದು ಬರುತ್ತದೆ. ಎಮಲ್ಷನ್‌ಗೆ ಅಷ್ಟು ಅಪಾಯ ಇಲ್ಲ. ಆದರೂ ಬಣ್ಣ ಅಲ್ಲಲ್ಲಿ ಬಿಳಿಚಿಕೊಳ್ಳುವುದು, ಉಪ್ಪು ಮೇಲೆ ಬರುವುದು ಎಲ್ಲಾ ಆಗುತ್ತದೆ.

ಪ್ಲಾಸ್ಟರ್ ಆದಮೇಲೆ ಕನಿಷ್ಠ 28 ದಿನ ಬಿಡಬೇಕು ಅನ್ನುವುದು ರೂಢಿ. ಮೊದಲ ವಾರ ನೀರು ಹಾಯಿಸುವುದು ಗಟ್ಟಿಯಾಗಲಿ ಅಂತ, ಆಮೇಲಿನ ದಿನಗಳು ಒಣಗಲಿ ಅಂತ. ಗೋಡೆ ದಪ್ಪ ಇದ್ದರೆ, ಚಳಿಗಾಲವಾದರೆ ಇನ್ನೂ ಜಾಸ್ತಿ ದಿನ ಬೇಕಾಗಬಹುದು.

ಮನೆಯಲ್ಲೇ ಒಂದು ಪರೀಕ್ಷೆ ಇದೆ. ಆರತಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಗಾಗುತ್ತದಲ್ಲ? ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ, ಅಷ್ಟೇ ವಿಷಯ. ಬೀರು ಹಿಂದೆ ಹೋಗುವಂಥ ಮೂಲೆಯಲ್ಲಿ ಗೋಡೆಯನ್ನು ಚೂರು ಒದ್ದೆ ಮಾಡಿ, ಅರಿಶಿನ ಕಲಸಿ ಹಚ್ಚಿ ನೋಡಿ. ತಕ್ಷಣ ಕಡುಗೆಂಪು ಆದರೆ ಗೋಡೆಯಲ್ಲಿ ಇನ್ನೂ ಕ್ಷಾರ ಜೋರಾಗಿದೆ. ಹಳದಿಯಾಗಿಯೇ ಉಳಿದರೆ ಅಥವಾ ನಿಧಾನಕ್ಕೆ ಸ್ವಲ್ಪ ಕಂದು ತಿರುಗಿದರೆ ತಗ್ಗಿದೆ ಅಂತ. ಲ್ಯಾಬ್ ರಿಪೋರ್ಟ್ ಅಲ್ಲ, ಅಂದಾಜಿಗೆ ಸಾಕು.

ಬೋಗಾದಿ ರಿಂಗ್ ರೋಡ್

ಸರ್, ಈಗಲೇ ಹೋಗಿ ಹಚ್ಚಿ ಬಂದೆ. ಹಚ್ಚುತ್ತಿದ್ದ ಹಾಗೇ ಕುಂಕುಮದ ಬಣ್ಣ! ನಮ್ಮ ಯಜಮಾನರು, "ಗೋಡೆಗೂ ಆರತಿ ಶುರುವಾಯ್ತಾ" ಅಂತ ನಗುತ್ತಿದ್ದಾರೆ. ಹಾಲ್ ಗೋಡೆಗೆ ಟೇಪ್ ಕೂಡ ಹಾಕಿ ನೋಡಿದೆ, ಏನೂ ಅಂಟಲಿಲ್ಲ. ದೇವರ ಮನೆಯಲ್ಲಿ ಮಾತ್ರ ಟೇಪ್ ಪೂರ್ತಿ ಹಿಟ್ಟು ಬಳಿದ ಹಾಗಾಯಿತು.

ಜೆಪಿ ನಗರ ನಿವೃತ್ತ

ಹಾಗಾದರೆ ಆ ರೂಮನ್ನು ಕೊನೆಗೆ ಇಟ್ಟುಕೊಳ್ಳಿ ತಾಯಿ. ಕಿಟಕಿ ಬಾಗಿಲು ತೆಗೆದು ಗಾಳಿ ಆಡಲು ಬಿಡಿ. ಮಾಘಕ್ಕೆ ಇನ್ನೂ ಟೈಮ್ ಇದೆ. ಧನುರ್ಮಾಸ ಮುಗಿಯುವ ಹೊತ್ತಿಗೆ ನೀರು ಆಧಾರದ ಸಿಮೆಂಟ್ ಪ್ರೈಮರ್ ಹೊಡೆಸಬಹುದು, ಕ್ಷಾರ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದನ್ನೇ ತೆಗೆದುಕೊಳ್ಳಿ. ಎಣ್ಣೆ ಆಧಾರದ್ದು ಆ ರೂಮಿಗೆ ಬೇಡವೇ ಬೇಡ.

ಹೆಬ್ಬಾಳ ಎರಡನೇ ಹಂತ

ಮೊದಲು ಪುಟ್ಟಿಯೋ ಮೊದಲು ಪ್ರೈಮರೋ? ನಮ್ಮ ಲೇಔಟಲ್ಲಿ ಮೂರು ಮನೆಗೆ ಮೂರು ಥರ ಮಾಡಿದ್ದಾರೆ.

ನಾಲ್ಕಿಂಚು ಬ್ರಷ್

ಅದು ಪುಟ್ಟಿ ಯಾವುದು ಅನ್ನುವುದರ ಮೇಲಿದೆ ಗುರು. ಚೀಲದಲ್ಲಿ ಪುಡಿಯಾಗಿ ಬರುವುದು ವೈಟ್ ಸಿಮೆಂಟ್ ಪುಟ್ಟಿ. ಅದಕ್ಕೆ ಸಿಮೆಂಟ್ ಗೋಡೆಯೇ ಬೇಕು, ಕೆಳಗೆ ಪ್ರೈಮರ್ ಬೇಡ. ಗೋಡೆಗೆ ನೀರು ಚಿಮುಕಿಸಿ ಎಳೆಯುತ್ತೇವೆ. ಡಬ್ಬಿಯಲ್ಲಿ ಗಟ್ಟಿಯಾಗಿ ಕಲಸಿಯೇ ಬರುವುದು ಅಕ್ರಿಲಿಕ್ ಪುಟ್ಟಿ. ಅದಕ್ಕೆ ಕೆಳಗೊಂದು ಕೋಟ್ ಪ್ರೈಮರ್ ಬೇಕು. ಯಾವುದೇ ಆಗಲಿ, ಉಜ್ಜಿ ನಯ ಮಾಡಿ, ಧೂಳು ಹೊಡೆದು, ಮೇಲೆ ಒಂದು ಕೋಟ್ ಪ್ರೈಮರ್ ಹಾಕಿಯೇ ಬಣ್ಣ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್‌ಗೂ ಇದೇ ಮಾತು, ಅದು ಕುಡಿಯುವ ಹಾಗೆ ಇನ್ಯಾವುದೂ ಬಣ್ಣ ಕುಡಿಯುವುದಿಲ್ಲ.

ಧೂಳು ಹೊಡೆಯುವುದು ಅಂದೆ, ಅದನ್ನು ಯಾರೂ ಮಾಡುವುದಿಲ್ಲ. ಪುಟ್ಟಿ ಉಜ್ಜಿದ ಮೇಲೆ ಗೋಡೆಗೆ ಕೈ ಸವರಿ ನೋಡಿ, ಅಂಗೈ ಬೆಳ್ಳಗಾಗುತ್ತದೆ. ಆ ಪುಡಿಯ ಮೇಲೇ ಪ್ರೈಮರ್ ಹೊಡೆದರೆ, ಹೊಡೆದೂ ಹೊಡೆಯದ ಹಾಗೆ.

ನಾಲೆ ಪಕ್ಕದ ಮನೆ

ನನ್ನ ಮನೆ ಮಂಡ್ಯ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ. ಮೂರು ಕಡೆ ಗದ್ದೆ. ಬಾತ್‌ರೂಮ್ ಪಕ್ಕದ ಗೋಡೆ ಉದುರುತ್ತದೆ ಅಂದಿರಲ್ಲ, ಅದರ ಬಗ್ಗೆ ಮಾತಾಡಲು ನನಗೆ ಪೂರ್ತಿ ಹಕ್ಕಿದೆ.

ನಮ್ಮ ಕಡೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಾರೆ. ಗದ್ದೆಗೆ ನೀರು ಬಂದಾಗ ನಮ್ಮ ನಡುಮನೆ ಗೋಡೆ ಕೆಳಗಿನಿಂದ ಮೊಣಕಾಲುದ್ದ ಕಪ್ಪಗಾಗುತ್ತದೆ. ನೀರು ನಿಂತಾಗ ಒಣಗಿ, ಬಣ್ಣದ ಮೇಲೆ ಹತ್ತಿಯ ಎಳೆಯಂಥ ಬಿಳಿ ಉಪ್ಪು. ಮುಟ್ಟಿದರೆ ಚರಚರ ಅನ್ನುತ್ತದೆ, ನಾಲಿಗೆಗೆ ಇಟ್ಟರೆ ಉಪ್ಪುಪ್ಪು. ತೇವ ಮೇಲೆ ಬರುವಾಗ ಮಣ್ಣಿನದೂ ಇಟ್ಟಿಗೆಯದೂ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಬಣ್ಣದ ಹಿಂದೆ ಹರಳುಗಟ್ಟುತ್ತದೆ. ಹರಳು ಬೆಳೆದ ಹಾಗೆ ಬಣ್ಣವನ್ನು ಆಚೆಗೆ ತಳ್ಳುತ್ತದೆ. ಇದಕ್ಕೆ ಡ್ಯಾಂಪ್ ಪ್ರೂಫ್ ಪ್ರೈಮರ್ ಅಂತ ಒಬ್ಬ ಕಂಟ್ರಾಕ್ಟರ್ ಹೊಡೆದು ಹೋದರು. ಮುಂದಿನ ಬೆಳೆಗೆ ನೀರು ಬಿಟ್ಟಾಗ ಪ್ರೈಮರ್ ಹೊಡೆದಷ್ಟು ಎತ್ತರ ಬಿಟ್ಟು ಅದರ ಮೇಲಿನಿಂದ ಉದುರಲು ಶುರುವಾಯಿತು. ತೇವ ಹೋಗಲಿಲ್ಲ, ಜಾಗ ಬದಲಾಯಿಸಿತು.

ಆದ್ದರಿಂದ ಅಕ್ಕಾ, ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ನಿಮ್ಮದು ಬಾತ್‌ರೂಮ್ ಪಕ್ಕ ಅಂದರೆ ಟೈಲ್ಸ್ ಸಂದು ಬಿಟ್ಟಿರಬಹುದು, ಗೋಡೆಯೊಳಗಿನ ಪೈಪ್ ಒಸರುತ್ತಿರಬಹುದು, ನೆಲದ ಜಾಲರಿ ಸುತ್ತ ಸೋರುತ್ತಿರಬಹುದು. ಅದನ್ನು ಸರಿ ಮಾಡದೆ ಯಾವ ಪ್ರೈಮರಿಗೂ ದುಡ್ಡು ಕೊಡಬೇಡಿ.

ಸರಿ ಮಾಡಿದ ಮೇಲೆ ಗೋಡೆ ಒಣಗಿದೆಯಾ ಅಂತ ನೋಡಲು, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ, ಅಥವಾ ಅಷ್ಟು ಜಾಗದ ಗೋಡೆ ಕಪ್ಪಗಾಗಿದ್ದರೆ, ಇನ್ನೂ ಕಾಯಿರಿ.

ಜೆಪಿ ನಗರ ನಿವೃತ್ತ

ಚೆನ್ನಾಗಿ ಹೇಳಿದಿರಿ. ಒಂದೇ ಸೇರಿಕೆ: ಉಪ್ಪನ್ನು ನೀರು ಹಾಕಿ ತೊಳೆಯಬೇಡಿ, ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆದು ಗುಡಿಸಿಬಿಡಿ. ನಿಮ್ಮ ಮನೆಗೆ ಪಾಯದ ಮೇಲೆ ತೇವ ತಡೆಯುವ ಪಟ್ಟಿ ಹಾಕಿಲ್ಲ ಅಥವಾ ಒಡೆದಿದೆ ಅನ್ನಿಸುತ್ತದೆ. ಅದು ಪೇಂಟರ್ ಕೆಲಸ ಅಲ್ಲ.

ನಾಲೆ ಪಕ್ಕದ ಮನೆ

ಹೌದು ಸರ್. ಅಪ್ಪ ಕಟ್ಟಿಸಿದ ಮನೆ, ಆಗ ಯಾರು ಹಾಕುತ್ತಿದ್ದರು. ನಾನೀಗ ಆ ಎತ್ತರದವರೆಗೆ ಸಿಮೆಂಟ್ ತೆಗೆಸಿ ಸುಣ್ಣವನ್ನೇ ಬಳಿಸುತ್ತಿದ್ದೇನೆ. ಅಗ್ರಹಾರದವರು ಹೇಳಿದ ಹಾಗೆ ಅದಾದರೂ ಉಸಿರಾಡುತ್ತದೆ.

ಕೌಂಟರ್ ಹಿಂದಿನಿಂದ

"ಅಂಗಡಿಯವರು ಬಿಲ್ ನೋಡಿ ಹೇಳಿದ್ದಾರೆ" ಅಂತ ಬ್ರಷ್ ಅಣ್ಣ ಬರೆದಿದ್ದನ್ನು ಓದಿ ನಕ್ಕೆ. ನಾನೂ ಮೈಸೂರಿನ ಒಂದು ಬಣ್ಣದ ಅಂಗಡಿಯಲ್ಲೇ ಕೆಲಸ ಮಾಡುವುದು. ಪ್ರೈಮರ್‌ನಲ್ಲಿ ನಮಗೆ ಸಿಗುವುದು ಅಷ್ಟಕ್ಕಷ್ಟೇ, ಲೀಟರ್ ಲೆಕ್ಕದಲ್ಲಿ ಅದು ಒಳ್ಳೆಯ ಎಮಲ್ಷನ್‌ಗಿಂತ ಎಷ್ಟೋ ಅಗ್ಗ. ಹೀರುವ ಗೋಡೆಗೆ ಪ್ರೈಮರ್ ಬಿಟ್ಟರೆ ದುಬಾರಿ ಎಮಲ್ಷನ್ನೇ ಮೂರನೇ ಕೋಟ್ ಕೇಳುತ್ತದೆ. ಅದರಲ್ಲಿ ಅಂಗಡಿಗೆ ಲಾಭ ಜಾಸ್ತಿ, ನೀವೇ ಲೆಕ್ಕ ಹಾಕಿ.

ನಮ್ಮ ಕೌಂಟರಿಗೆ ಬರುವ ದೊಡ್ಡ ಗೊಂದಲ ಕಬ್ಬಿಣದ್ದು. "ಕೆಂಪು ಪ್ರೈಮರ್ ಕೊಡಿ" ಅಂತ ಕೇಳಿ ಒಯ್ದು, ಕಂಡ ಕಂಡ ಲೋಹಕ್ಕೆಲ್ಲಾ ಬಳಿಯುತ್ತಾರೆ. ರೆಡ್ ಆಕ್ಸೈಡ್ ಇರುವುದು ಕಬ್ಬಿಣಕ್ಕೆ. ನಿಮ್ಮ ಗೇಟು, ಗ್ರಿಲ್ಲಿಗೆ ಸರಿ. ಬಾಲ್ಕನಿಯ ಜಿಐ ಪೈಪಿಗೆ ಬೇಡ. ಜಿಐ ಅಂದರೆ ಮೇಲೆ ಸತುವಿನ ಲೇಪ. ಎಣ್ಣೆ ಆಧಾರದ ಬಣ್ಣ ನೇರವಾಗಿ ಬಿದ್ದರೆ ಸತುವಿನ ಜೊತೆ ಸೇರಿ ಅಲ್ಲೂ ಒಂದು ಥರ ಸೋಪ್ ಆಗುತ್ತದೆ. ಹಾವಿನ ಪೊರೆ ಬಿಟ್ಟ ಹಾಗೆ ಉದ್ದುದ್ದ ಸುಲಿಯುತ್ತದೆ, ಊರ ತುಂಬಾ ಬಾಲ್ಕನಿಗಳಲ್ಲಿ ನೋಡಬಹುದು. ಹೊಸ ಪೈಪಿನ ಮೇಲಿನ ಎಣ್ಣೆ ಜಿಡ್ಡನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಎಚ್ ಪ್ರೈಮರ್ (etch, ಸತುವಿನ ಮೈಯನ್ನು ಕೊಂಚ ಕೊರೆದು ಹಿಡಿಯುವಂಥದು) ಅಥವಾ ಜಿಐಗೇ ಅಂತ ಬರುವ ಪ್ರೈಮರ್ ಒಂದು ತೆಳು ಕೋಟ್ ಹಾಕಿಸಿ, ಆಮೇಲೆ ಎನಾಮಲ್ (ಹೊಳಪಿನ ಆಯಿಲ್ ಪೇಂಟ್). ಅಲ್ಯೂಮಿನಿಯಂಗೂ ರೆಡ್ ಆಕ್ಸೈಡ್ ಸಲ್ಲದು, ಅದಕ್ಕೆ ಬೇರೆ ಪ್ರೈಮರ್ ಇದೆ.

ಮದ್ದೂರು ವಡೆ

ಒಂದು ದಡ್ಡ ಪ್ರಶ್ನೆ. ನಮ್ಮ ಹಳೇ ಮನೆ ನೆಲಕ್ಕೂ ರೆಡ್ ಆಕ್ಸೈಡ್ ಅನ್ನುತ್ತಾರಲ್ಲ, ಅದೇನಾ ಇದು?

ಕೌಂಟರ್ ಹಿಂದಿನಿಂದ

ಬಣ್ಣ ಕೊಡುವ ಪುಡಿ ಎರಡರಲ್ಲೂ ಒಂದೇ, ಕಬ್ಬಿಣದ ಆಕ್ಸೈಡ್. ನೆಲಕ್ಕೆ ಅದನ್ನು ಸಿಮೆಂಟ್ ಜೊತೆ ಕಲಸಿ ತಿಕ್ಕುತ್ತಾರೆ. ಪ್ರೈಮರ್‌ನಲ್ಲಿ ಎಣ್ಣೆ, ರೆಸಿನ್ ಜೊತೆ ಅರೆದಿರುತ್ತಾರೆ. ಡಬ್ಬಿ ತಂದು ನೆಲಕ್ಕೆ ಬಳಿಯಬೇಡಿ ಮತ್ತೆ.

ನಾಲ್ಕಿಂಚು ಬ್ರಷ್

ಗೇಟಿನ ವಿಷಯದಲ್ಲಿ ಅನುಭವದ ಮಾತು ಒಂದಿದೆ. ಫ್ಯಾಬ್ರಿಕೇಷನ್ ಶೆಡ್ಡಿನಿಂದ ಗೇಟು ಕೆಂಪು ಬಳಿದುಕೊಂಡೇ ಬರುತ್ತದೆ, "ಪ್ರೈಮರ್ ಆಗಿದೆ ಸಾರ್" ಅನ್ನುತ್ತಾರೆ. ಹತ್ತಿರ ಹೋಗಿ ವೆಲ್ಡಿಂಗ್ ಸಂದು ನೋಡಿ. ಕಪ್ಪು ಚಕ್ಕೆ ಹಾಗೇ ಇರುತ್ತದೆ, ಅದರ ಮೇಲೇ ಕೆಂಪು. ಉಗುರಿನಿಂದ ಎಬ್ಬಿಸಿದರೆ ಕೆಳಗೆ ತುಕ್ಕು. ಆ ಬಳಿತ ಅಂಗಳದಲ್ಲಿ ನಿಂತಾಗ ತುಕ್ಕು ಕಾಣದಿರಲಿ ಅಂತ, ನಿಮ್ಮ ಮನೆಯಲ್ಲಿ ಹತ್ತು ವರ್ಷ ಬಾಳಲಿ ಅಂತ ಅಲ್ಲ. ತಂತಿ ಬ್ರಷ್ ಹಾಕಿ ಸಂದು ಸಂದು ಉಜ್ಜಿಸಿ, ಒರೆಸಿ, ಅದೇ ದಿನ ಪ್ರೈಮರ್ ಹೊಡೆಸಿ. ಉಜ್ಜಿ ರಾತ್ರಿಯೆಲ್ಲಾ ಬಿಟ್ಟರೆ ಈ ಮಾಗಿ ಚಳಿಯ ಇಬ್ಬನಿಗೆ ಬೆಳಿಗ್ಗೆ ಹೊತ್ತಿಗೆ ಮತ್ತೆ ಕಂದು ಪೊರೆ ಬಂದಿರುತ್ತದೆ. ಬೆಳಿಗ್ಗೆ ಬೇಗ ಶುರು ಮಾಡುವುದೂ ಬೇಡ. ಬಿಸಿಲು ಬಂದು ಕಬ್ಬಿಣ ಮುಟ್ಟಿದರೆ ಒಣಗಿದೆ ಅನ್ನಿಸಬೇಕು.

ಪ್ರೈಮರ್ ಹೊಡೆದು ಎನಾಮಲ್‌ಗೆ ತಿಂಗಳುಗಟ್ಟಲೆ ಕಾಯಿಸುವುದೂ ತಪ್ಪೇ. ರೆಡ್ ಆಕ್ಸೈಡ್ ಒಂದೇ ಮಳೆ ಬಿಸಿಲು ತಡೆಯುವುದಿಲ್ಲ, ನೀರು ಒಳಗೆ ಬಿಟ್ಟುಕೊಳ್ಳುತ್ತದೆ. ರಾತ್ರಿ ಪೂರ್ತಿ ಒಣಗಲು ಬಿಟ್ಟು, ಮಾರನೇ ದಿನ ಲೈಟಾಗಿ ಉಜ್ಜಿ, ಬಣ್ಣ ಶುರು ಮಾಡಿ.

ಉಳಿ ಸುತ್ತಿಗೆ

ಮುಂಬಾಗಿಲು ಯಾವ ಮರ? ತೇಗ, ಹೊನ್ನೆ ಆಗಿದ್ದರೆ ದಯವಿಟ್ಟು ಬಣ್ಣ ಬೇಡ, ಪಾಲಿಶ್ ಮಾಡಿಸಿ. ಪಾಲಿಶ್‌ಗೆ ವುಡ್ ಪ್ರೈಮರ್ ಹಾಕಬಾರದು, ಅದು ಎಳೆ ಮುಚ್ಚಿಬಿಡುತ್ತದೆ. ಅಲ್ಲಿ ಸ್ಯಾಂಡಿಂಗ್ ಸೀಲರ್, ಅಂದರೆ ಎಳೆ ಕಾಣುವಂಥ ಪಾರದರ್ಶಕ ತಳದ ಕೋಟ್. ಮೊದಲೇ ಎನಾಮಲ್ ಹೊಡೆದಿರುವ ಬಾಗಿಲಾದರೆ, ಹಳೇದು ಗಟ್ಟಿ ಇದ್ದ ಕಡೆ ಹೊಳಪು ಹೋಗುವಷ್ಟು ಉಜ್ಜಿ, ಮರ ಬಯಲಾದ ಕಡೆ ಮಾತ್ರ ವುಡ್ ಪ್ರೈಮರ್.

ಪೇಂಟರ್‌ಗಳು ಮರೆಯುವ ಜಾಗ ಬಾಗಿಲಿನ ತಲೆ ಮತ್ತು ಬುಡ. ಮರ ನೀರು ಕುಡಿಯುವುದು ಎಳೆಗಳು ತುಂಡಾದ ತುದಿಯಿಂದ. ಅದು ಕಣ್ಣಿಗೆ ಕಾಣುವುದಿಲ್ಲ ಅಂತ ಯಾರೂ ಬಳಿಯುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತು ಅಂತ ಆಮೇಲೆ ನನ್ನನ್ನು ಕರೆಯುತ್ತಾರೆ, ನಾನು ಹತ್ತರಿ ಹೊಡೆದು ಇನ್ನಷ್ಟು ಹಸಿ ಮರ ಬಯಲು ಮಾಡಿ ಬರುತ್ತೇನೆ. ಬಾಗಿಲು ಕಳಚಿ ಬುಡಕ್ಕೆ ಎರಡು ಕೋಟ್ ಪ್ರೈಮರ್ ಹಾಕಿಸಿ.

ಪೈನ್ ಮರದ ಕಿಟಕಿ ಇದ್ದವರಿಗೆ ಒಂದು ಮಾತು. ಗಂಟಿನಿಂದ ರಾಳ ಒಸರಿ ಬಿಳಿ ಬಣ್ಣದ ಮೇಲೆ ಹಳದಿ ಕಲೆ ಬರುತ್ತದೆ. ಪ್ರೈಮರಿಗೆ ಮುಂಚೆ ಗಂಟಿನ ಮೇಲೆ ಅರಗಿನ ಪಾಲಿಶ್ ಎರಡು ಸಲ ಒತ್ತಿದರೆ ನಿಲ್ಲುತ್ತದೆ. ಅರಗು ನಮ್ಮ ಮೈಸೂರಿನವರಿಗೆ ಹೊಸದಲ್ಲ. ಈಗ ಚುನಾವಣೆ ಶಾಯಿಗೆ ಹೆಸರಾಗಿರುವ ಬನ್ನಿಮಂಟಪದ ಕಾರ್ಖಾನೆಯನ್ನು ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರು ಮಾಡಿದ್ದೇ ಅರಗು ಮತ್ತು ಬಣ್ಣಕ್ಕೆ. ಬೆರಳಿನ ಶಾಯಿ ಬಂದಿದ್ದು 1962ರ ಚುನಾವಣೆಯಿಂದ.

ಇಬ್ಬರು ಮಕ್ಕಳ ತಾಯಿ

ಎಲ್ಲರೂ ಉಜ್ಜಿ ಉಜ್ಜಿ ಅನ್ನುತ್ತಿದ್ದೀರಿ, ಒಂದು ಎಚ್ಚರಿಕೆ. ಹಳೇ ಎನಾಮಲ್‌ಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನುವ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕೂ ಮುಂಚಿನ ಬಾಗಿಲು, ಗ್ರಿಲ್, ಅಡುಗೆಮನೆ ಆಯಿಲ್ ಪೇಂಟ್ ಅಂದರೆ ಅನುಮಾನದಿಂದಲೇ ನೋಡಿ. ಒಣ ಉಜ್ಜಾಟ ಬೇಡ. ನೀರು ಹಚ್ಚಿ ವಾಟರ್ ಪೇಪರ್‌ನಲ್ಲಿ ಉಜ್ಜಿಸಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ಬಿಸಾಡಿ. ಆ ಹೊತ್ತಿನಲ್ಲಿ ಮಕ್ಕಳು, ಬಸುರಿಯರು ಆ ಕಡೆ ಸುಳಿಯುವುದೇ ಬೇಡ. ಕೆಲಸದವರೂ ಮಾಸ್ಕ್ ಹಾಕಿಕೊಳ್ಳಲಿ.

ನಾಲ್ಕಿಂಚು ಬ್ರಷ್

ಒಳ್ಳೆಯ ಮಾತು ಅಕ್ಕಾ. ನಮ್ಮ ಹುಡುಗರು ಮೂಗಿಗೆ ಟವೆಲ್ ಕಟ್ಟಿಕೊಂಡರೆ ಅದೇ ಹೆಚ್ಚು.

ಅಡುಗೆಮನೆಯ ಉತ್ತರ ಬಾಕಿ ಇತ್ತು. ಆಯಿಲ್ ಪೇಂಟ್ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಉಗುರಿನಲ್ಲಿ ಕೆರೆದರೂ ಬರುತ್ತದೆ. ಮೊದಲು ಒಗ್ಗರಣೆ ಜಿಡ್ಡು ಹೋಗುವಂತೆ ಸೋಪ್ ನೀರಿನಲ್ಲಿ ಎರಡು ಸಲ ತೊಳೆಯಬೇಕು. ಆಮೇಲೆ ಹೊಳಪು ಸಾಯುವವರೆಗೆ ವಾಟರ್ ಪೇಪರ್. ಆಮೇಲೆ ನಯವಾದ ಮೇಲ್ಮೈ ಹಿಡಿಯುವ ಬಾಂಡಿಂಗ್ ಪ್ರೈಮರ್. ಇಲ್ಲಿ ಮಾತ್ರ ಪ್ರೈಮರ್ ಬೇಡ ಅಂದವರಿಗೆ ಕೆಲಸ ಕೊಡಬೇಡಿ. ಕೆಳಗಿರುವುದು ಆಯಿಲ್ಲೋ ಎಮಲ್ಷನ್ನೋ ಅಂತ ಅನುಮಾನ ಇದ್ದವರು ಹತ್ತಿಗೆ ಸ್ಪಿರಿಟ್ ಅದ್ದಿ ಉಜ್ಜಿ. ಬಣ್ಣ ಮೆತ್ತಗಾಗಿ ಹತ್ತಿಗೆ ಬಂದರೆ ಎಮಲ್ಷನ್, ಜಗ್ಗದಿದ್ದರೆ ಆಯಿಲ್.

ಸುಮ್ನೆ ಖರ್ಚು

ಸರಿ ಸರಿ, ನಾನು ಸೋತೆ ಅಂತ ಇಟ್ಟುಕೊಳ್ಳಿ. ಆದರೆ ಪ್ರೈಮರ್‌ಗೆ ದುಡ್ಡು ತೆಗೆದುಕೊಂಡು ಬಕೆಟ್ ನೀರಿಗೆ ಅರ್ಧ ಲೀಟರ್ ಸುರಿಯುವ ನಿಮ್ಮವರನ್ನು ಏನು ಮಾಡೋಣ?

ನಾಲ್ಕಿಂಚು ಬ್ರಷ್

ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನೀರು ಹಾಕುವುದೇ ಮೋಸ ಅಂದುಕೊಳ್ಳಬೇಡಿ. ಕೆಲವು ನೀರಿನ ಪ್ರೈಮರ್‌ಗಳಿಗೆ ಒಂದಕ್ಕೆ ಒಂದು ನೀರು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಅದನ್ನು ಓದಿ. ನೀರು ಬೆರೆಸಿದ ಮೇಲೆ ಹೊಡೆದ ಗೋಡೆ ಒಣಗಿದಾಗ ಹಳೆಯ ಪೆನ್ಸಿಲ್ ಗೀಟು ಅಲ್ಪಸ್ವಲ್ಪ ಮಾಸಿರಬೇಕು, ಬೆರಳಿಗೆ ಪುಡಿ ಬರಬಾರದು.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪೇಂಟರ್‌ಗಳು ಪ್ರೈಮರ್ ಬೇಡ ಅನ್ನುವುದಕ್ಕೆ ಕಾರಣ ಸೋಮಾರಿತನ ಒಂದೇ ಅಲ್ಲ. ಚದರಡಿಗೆ ಇಷ್ಟು ಅಂತ ಮೂರು ಜನರ ಹತ್ತಿರ ರೇಟ್ ಕೇಳುತ್ತೀರಿ, ಕಡಿಮೆ ಹೇಳಿದವರಿಗೆ ಕೆಲಸ. ಉಜ್ಜುವುದು, ಕೆರೆಯುವುದು, ಪ್ರೈಮರ್ ಎಲ್ಲಾ ಸೇರಿಸಿ ರೇಟ್ ಹೇಳಿದವನು ಮನೆಗೆ ಹೋಗಬೇಕು. ಅದರ ಬದಲು ಯಾವ ಗೋಡೆಗೆ ಏನು ಅಂತ ಬರೆದು, ಅದೇ ಚೀಟಿಗೆ ಎಲ್ಲರ ಹತ್ತಿರ ರೇಟ್ ಕೇಳಿ. ಸಾಮಾನು ನೀವೇ ತಂದುಕೊಡಿ, ಸೀಲ್ ನಿಮ್ಮೆದುರು ಒಡೆಯಲಿ.

ಬೋಗಾದಿ ರಿಂಗ್ ರೋಡ್

ಎಲ್ಲಾ ಸೇರಿಸಿ ಚೀಟಿ ಮಾಡಿದ್ದೇನೆ. ಹಾಲ್, ರೂಮುಗಳಿಗೆ ತೇಪೆಗೆ ಮಾತ್ರ. ದೇವರ ಮನೆ, ಅಡುಗೆಮನೆಗೆ ಪೂರ್ತಿ. ಬಾತ್‌ರೂಮ್ ಗೋಡೆಗೆ ಮೊದಲು ಪ್ಲಂಬರ್. ಪೇಂಟರ್‌ಗೆ ತೋರಿಸಿದೆ, ಸ್ವಲ್ಪ ಮುಖ ಸಣ್ಣ ಮಾಡಿಕೊಂಡರು, ಆಮೇಲೆ "ಅಡುಗೆಮನೆಗೆ ಬೇಕೇ ಬೇಕು ಮೇಡಂ, ಅದು ನಾನೂ ಹೇಳೋನಿದ್ದೆ" ಅಂದರು.

ಮಹಡಿ ರೂಮ್ 10-12, ಎತ್ತರ 10 ಅಡಿ. ಪ್ರೈಮರ್ ಎಷ್ಟು ತರಲಿ? ರೋಲರ್ ಸಾಕಾ, ಬ್ರಷ್ಷೇ ಬೇಕಾ?

ಕೌಂಟರ್ ಹಿಂದಿನಿಂದ

ನಾಲ್ಕು ಗೋಡೆ 440 ಚದರಡಿ, ಬಾಗಿಲು ಕಿಟಕಿ ಕಳೆದರೆ 400ರ ಹತ್ತಿರ. ಲೀಟರಿಗೆ ಸುಮಾರು 100 ಚದರಡಿ ಅಂತ ಹಿಡಿಯಿರಿ, ಒಂದು ಕೋಟಿಗೆ 4 ಲೀಟರ್ ಡಬ್ಬಿ ಒಂದು. ಸೀಲಿಂಗ್ ಸೇರಿದರೆ ಇನ್ನೊಂದು ಲೀಟರ್ ಮೇಲೆ. ಹೊಸ ಗೋಡೆ ಜಾಸ್ತಿ ಹೀರಿದರೆ ಮತ್ತೆ ಬನ್ನಿ, ಮೊದಲೇ ಜಾಸ್ತಿ ಒಯ್ಯಬೇಡಿ.

ನಾಲ್ಕಿಂಚು ಬ್ರಷ್

ಬಯಲಿಗೆ ರೋಲರ್, ಮೂಲೆಗೆ, ಕಿಟಕಿ ಸುತ್ತ, ಸ್ವಿಚ್ ಬೋರ್ಡ್ ಬದಿಗೆ ಬ್ರಷ್. ಹೊಸ ಪ್ಲಾಸ್ಟರ್ ತರಿತರಿ ಇದ್ದರೆ ಮೊದಲ ಕೋಟ್ ಪೂರ್ತಿ ಬ್ರಷ್‌ನಲ್ಲೇ ತಿಕ್ಕಿ ಹೊಡೆಸಿ, ರೋಲರ್ ಗುಂಡಿಗಳ ಮೇಲೆ ಹಾರಿಕೊಂಡು ಹೋಗುತ್ತದೆ. ನಾಲ್ಕೈದು ಗಂಟೆ ಬಿಟ್ಟು ಅಂಗೈ ಇಟ್ಟು ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ಹಸಿ ಇದೆ, ಮುಂದಿನ ಕೋಟ್ ನಾಳೆಗೆ ಹಾಕಿ.